ಮದ್ದಿನ ಬಿಲ್ಲು: ಯಾವ ಕಾರ್ಡಿನಲ್ಲಿ ಎಷ್ಟು ಸಿಗುತ್ತದೆ?

ಮಂಗಳೂರು, ಉಡುಪಿಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ನೌಕರರ ವಿಮೆಯಾದ ಇಎಸ್‌ಐ, ಸರ್ಕಾರದ ಆಯುಷ್ಮಾನ್ ಕಾರ್ಡ್, ಇಲ್ಲವೇ ದುಡ್ಡು ಕಟ್ಟಿ ಮಾಡಿಸಿದ ಪಾಲಿಸಿ. ಮೂರನ್ನೂ ಬಳಸಿ ನೋಡಿದ ಮೇಲೆ ಒಂದಂತೂ ಖಚಿತ: ಆಸ್ಪತ್ರೆಗೆ ಸೇರದೆ ತಿಂಗಳು ತಿಂಗಳು ನುಂಗುವ ಬಿಪಿ, ಶುಗರ್ ಮಾತ್ರೆಗೆ ಇವುಗಳಲ್ಲಿ ಸಾಮಾನ್ಯವಾಗಿ ಆಸರೆಯಾಗುವುದು ಇಎಸ್‌ಐ ಮಾತ್ರ.

ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದ 10 ಅಥವಾ ಹೆಚ್ಚು ಮಂದಿ ದುಡಿಯುವ ಗೇರುಬೀಜ ಕಾರ್ಖಾನೆ, ಅಂಗಡಿಗಳ ನೌಕರರಿಗೆ ಇಎಸ್‌ಐ ಇರುತ್ತದೆ. ಸಂಬಳದಲ್ಲಿ ಮುರಿದುಕೊಳ್ಳುವುದು 0.75% ಅಷ್ಟೆ. ಡಿಸ್ಪೆನ್ಸರಿಯಲ್ಲಿ ಮದ್ದು ಉಚಿತ. ತೊಂದರೆಯಾಗುವುದು ಸ್ಟಾಕ್ ಮುಗಿದಾಗ. ಹೊರಗೆ ಕೊಳ್ಳುವ ಮೊದಲೇ ಅಲ್ಲಿನ ಡಾಕ್ಟರಿಂದ ಬರೆಸಿಕೊಳ್ಳಿ, ಬರೇ ಬಿಲ್ಲು ತೋರಿಸಿದರೆ ದುಡ್ಡು ಬರುವುದು ಕಷ್ಟ.

ಆಯುಷ್ಮಾನ್‌ನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜಿನ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರ) 30%, ವರ್ಷಕ್ಕೆ 1.5 ಲಕ್ಷದವರೆಗೆ. ಮದ್ದು ಪ್ಯಾಕೇಜಿನೊಳಗೇ ಸೇರಿದೆ, ಡಿಸ್ಚಾರ್ಜ್ ಆದ ನಂತರದ 15 ದಿನದ್ದೂ ಸೇರಿ. ಬಿಪಿಎಲ್ ರೋಗಿಯ ಕೈಗೆ ಚೀಟಿ ಕೊಟ್ಟು ಹೊರಗಿನಿಂದ ತರಿಸಿದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕೇಳಿ, ಸುಮ್ಮನಿರಬೇಡಿ.

ಖಾಸಗಿ ಪಾಲಿಸಿಯಲ್ಲಿ ಲೆಕ್ಕ ಹೆಚ್ಚು. ಉದಾಹರಣೆಗೆ ಆರೋಗ್ಯ ವಿಮಾ ಕಂಪನಿಗಳು ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯನ್ನೇ ತೆಗೆದುಕೊಳ್ಳಿ: ಸೇರುವ ಮೊದಲಿನ 30 ದಿನ, ಬಿಡುಗಡೆಯ ನಂತರದ 60 ದಿನದ ಮದ್ದಿಗೆ ದುಡ್ಡು ಸಿಗುತ್ತದೆ, 5% ನಮ್ಮ ಪಾಲು. ಅಂದರೆ 6,000ದ ಬಿಲ್ಲಿಗೆ ಕೈಗೆ ಬರುವುದು 5,700. ಆದರೆ ಯಾವ ಕಾಯಿಲೆಗೆ ಸೇರಿದ್ದೋ ಅದರ ಮದ್ದಿಗೆ ಮಾತ್ರ. ಸ್ಟೆಂಟ್ ಹಾಕಿಸಿಕೊಂಡವರ ಬಿಲ್ಲಿನಲ್ಲಿ ಥೈರಾಯ್ಡ್ ಮಾತ್ರೆ ಇದ್ದರೆ ಆ ಸಾಲನ್ನು ಹೊಡೆದು ಹಾಕುತ್ತಾರೆ. ಎರಡಕ್ಕೂ ಬೇರೆ ಬೇರೆ ಬಿಲ್ಲು ಮಾಡಿಸುವುದೇ ಒಳ್ಳೆಯದು. ಬಿಲ್ಲಿನಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು, ತಾರೀಕು, ಬ್ಯಾಚ್ ನಂಬರ್ ಇರಲಿ. ಡಾಕ್ಟರ ಚೀಟಿಯ ತಾರೀಕು ಬಿಲ್ಲಿನ ದಿನದ್ದೋ ಅದಕ್ಕಿಂತ ಹಿಂದಿನದೋ ಆಗಿರಲಿ. ಬಿಡುಗಡೆಯ ನಂತರದ ಮದ್ದಿಗೆ, ಆ ಚಿಕಿತ್ಸೆ ಮುಗಿದ 15 ದಿನದೊಳಗೆ ಕಾಗದಪತ್ರ ಕೊಡಬೇಕು. ಮಿತಿಗಿಂತ ದುಬಾರಿ ರೂಮು ಹಿಡಿದರೆ ಉಳಿದ ಖರ್ಚನ್ನು ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ, ಆದರೆ ಮದ್ದಿನ ಬಿಲ್ಲಿಗೆ ಈ ಕಡಿತ ಇಲ್ಲ. ಹಾಗೆ ಮುರಿದಿದ್ದರೆ ಬರವಣಿಗೆಯಲ್ಲೇ ಪ್ರಶ್ನಿಸಿ.

ಆಸ್ಪತ್ರೆಗೆ ಸೇರದೆ ಪಡೆಯುವ ಚಿಕಿತ್ಸೆ, ಮದ್ದಿಗೂ ದುಡ್ಡು ಕೊಡುವ ಒಪಿಡಿ ಸೌಲಭ್ಯವನ್ನು ಖಾಸಗಿ ಪಾಲಿಸಿಗೆ ಸೇರಿಸಬೇಕೇ? ಅದರ ಮಿತಿ 5,000 ಇದ್ದು ಹೆಚ್ಚುವರಿ ಪ್ರೀಮಿಯಂ 4,000 ಆದರೆ, ಪೂರ್ತಿ ಬಳಸಿದರೂ ಉಳಿಯುವುದು ಸಾವಿರ. ಅದಕ್ಕಿಂತ ಜನೌಷಧಿ ಕೇಂದ್ರ ಮೇಲು. ಅಲ್ಲಿ ಬೆಲೆ ಬ್ರ್ಯಾಂಡಿನ ಅರ್ಧಕ್ಕಿಂತಲೂ ಕಡಿಮೆ ಇರುವ ಮಾತ್ರೆಗಳು ಬೇಕಾದಷ್ಟಿವೆ. ಕಂಪನಿ ಹೆಸರಿನ ಬದಲು ಮದ್ದಿನ ಮೂಲ ಹೆಸರು ಬರೆಯುವಂತೆ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.