ದೋಣಿ ಮಾಡಿಸುವ ಮೊದಲು ಓದಿ: ಡೆಕ್ ಕೆಳಗೆ ಏನಿದೆ ಅಂತ ನಾನು ನೋಡಿರಲಿಲ್ಲ

ಕಳೆದ ನವೆಂಬರಿನಲ್ಲಿ ಕುಂದಾಪುರದ ಹತ್ತಿರದ ಗಂಗೊಳ್ಳಿಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯ ಹೊರಗೆ ನನ್ನ ದೋಣಿ ಮುಳುಗುವುದರಲ್ಲಿತ್ತು. ನಾವು ಮೂರು ಜನ ಇದ್ದೆವು. ನಾನು, ನನ್ನ ಭಾವ, ಅವರ ಹದಿನಾಲ್ಕು ವರ್ಷದ ಮಗ. ಮೂವರೂ ಮನೆಗೆ ಬಂದೆವು. ಸರಿಯಾದ ಹೊತ್ತಿಗೆ ಮೀನುಗಾರರ ಒಂದು ಪಾತಿ ದೋಣಿ (ಸಣ್ಣ ನಾಡದೋಣಿ) ಆ ದಾರಿಯಲ್ಲಿ ಬಂತು, ಅದೊಂದೇ ಕಾರಣ. ಗಾಳ ಹಾಕುವ ಆಸೆಗೆ ಫೈಬರ್ ದೋಣಿ ಮಾಡಿಸಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಹದಿನಾರು ವರ್ಷ ಮಸ್ಕತ್‌ನಲ್ಲಿ ಇದ್ದವನು. ಅಲ್ಲಿ ರಜೆ ದಿನ ಗೆಳೆಯರ ದೋಣಿಯಲ್ಲಿ ಗಾಳಕ್ಕೆ ಹೋಗುತ್ತಿದ್ದೆ. ಊರಿಗೆ ಬಂದ ಮೇಲೆ ಅಂಥದ್ದೇ ಒಂದು ದೋಣಿ ಬೇಕು ಅನಿಸಿತು. ಹೊಳೆಯಲ್ಲಿ ಕಾಣೆ, ಕೆಂಬೇರಿ ಮೀನಿಗೂ ಆಗಬೇಕು, ಸಮುದ್ರ ಶಾಂತ ಇದ್ದ ದಿನ ಅಳಿವೆ ದಾಟಿ ಅಂಜಲ್ ಮೀನಿಗೂ ಹೋಗಬೇಕು, ಭಾನುವಾರ ಮಕ್ಕಳನ್ನು ಕೂರಿಸಿ ಸುತ್ತಿಸಲಿಕ್ಕೂ ಬರಬೇಕು. ಒಂದೇ ದೋಣಿ, ಎಲ್ಲಾ ಕೆಲಸ. ಹದಿನೆಂಟು ಅಡಿಯ ಫೈಬರ್ ದೋಣಿ, 40 ಎಚ್‌ಪಿ ಫೋರ್ ಸ್ಟ್ರೋಕ್ ಇಂಜಿನ್ ಅಂತ ಮಾತಾಯಿತು. ದೋಣಿ ಕಟ್ಟಿದ ಯಾರ್ಡ್‌ನ ಹೆಸರು ಇಲ್ಲಿ ಬರೆಯುವುದಿಲ್ಲ. ಅವರು ಮಾಡಿದ ತಪ್ಪುಗಳು ಬೇರೆ ಕಡೆಯೂ ಆಗಬಹುದಾದವು. ಹೆಸರಿಗಿಂತ ತಪ್ಪು ಗೊತ್ತಾಗುವುದು ಮುಖ್ಯ.

ಯಾರ್ಡ್‌ನವರು ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಮುಂದೆ ನಿಂತು ಗಾಳ ಎಸೆಯಲು ಎತ್ತರದ ಕಟ್ಟೆ, ಆಗಬಹುದು ಸಾರ್. ಸಿಗಡಿ, ಸಣ್ಣ ಮೀನನ್ನು ಜೀವಂತ ಇಡಲು 80 ಲೀಟರಿನ ಟ್ಯಾಂಕ್, ಆಗಬಹುದು ಸಾರ್. ನೀರಿನಡಿ ಮೀನು ಎಲ್ಲಿದೆ ಅಂತ ತೋರಿಸುವ ಫಿಶ್ ಫೈಂಡರ್, ಎರಡು ಬ್ಯಾಟರಿ, ಗಾಳದ ಕೋಲು ನಿಲ್ಲಿಸುವ ರಾಡ್ ಹೋಲ್ಡರ್ ಆರು, ಬಿಸಿಲಿಗೆ ಚಪ್ಪರ, ಎಲ್ಲಾ ಆಗಬಹುದು. ಇಷ್ಟೂ ಸಾಮಾನು ದೋಣಿಯ ಯಾವ ಭಾಗದಲ್ಲಿ ಕೂರುತ್ತದೆ, ಎಷ್ಟು ತೂಗುತ್ತದೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಇಂಜಿನ್ ಸುಮಾರು 100 ಕೆಜಿ. ಎರಡು ಬ್ಯಾಟರಿ ಸೇರಿ 60. 50 ಲೀಟರ್ ಪೆಟ್ರೋಲ್ ಅಂದರೆ 37ರ ಹತ್ತಿರ. ಮೀನಿನ ಟ್ಯಾಂಕ್ ತುಂಬಿದರೆ 80. ಎಲ್ಲಾ ಸೇರಿ 280 ಕೆಜಿ ಹತ್ತಿರ ಆಯಿತು, ಅಷ್ಟೂ ದೋಣಿಯ ಹಿಂಬದಿಯ ನಾಲ್ಕೈದು ಅಡಿಯೊಳಗೆ. ಇಂಜಿನ್ ಪಕ್ಕದಲ್ಲಿ ನಿಂತು ಗಾಳ ಹಾಕುವ ಇಬ್ಬರ ತೂಕ ಬೇರೆ. ನೀರಿಗೆ ಇಳಿಸಿದ ಮೊದಲ ದಿನವೇ ಹಿಂಬದಿ ಕೂತ ಹಾಗೆ ಕಾಣುತ್ತಿತ್ತು. "ಓಡುವಾಗ ಸರಿಯಾಗುತ್ತದೆ" ಅಂದರು. ಓಡುವಾಗ ಸರಿಯಾಗುತ್ತಿತ್ತು, ನಿಜ. ಆದರೆ ಗಾಳ ಹಾಕುವವನ ದೋಣಿ ಜಾಸ್ತಿ ಹೊತ್ತು ನಿಂತೇ ಇರುತ್ತದೆ ಅಲ್ವಾ?

ಮೊದಲ ಐದಾರು ಸಲ ಹೊಳೆಯಲ್ಲೇ ಓಡಾಡಿದೆವು. ಪಂಚಗಂಗಾವಳಿ ಹೊಳೆ ನಿಮಗೆ ಗೊತ್ತಿರಬಹುದು, ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲಾ ಒಂದಾಗಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುವ ಜಾಗ. ನೀರು ಅಗಲ, ಅಲೆ ಕಡಿಮೆ. ಕಾಣೆ ಚೆನ್ನಾಗಿ ಸಿಕ್ಕಿತು. ಧೈರ್ಯ ಬಂತು.

ಆ ದಿನ ಬೆಳಿಗ್ಗೆ ಆರೂವರೆಗೆ ಅಳಿವೆ ದಾಟಿದೆವು. ಗಾಳಿ ಇರಲಿಲ್ಲ. ಹೊರಗೆ ಹೋಗಿ ಇಂಜಿನ್ ನಿಲ್ಲಿಸಿ ಗಾಳ ಬಿಟ್ಟೆವು. ಟ್ಯಾಂಕಿನ ಪಂಪ್ ಓಡುತ್ತಿತ್ತು, ಅದರಲ್ಲಿ ಸಿಗಡಿ ಇತ್ತು. ಮುಕ್ಕಾಲು ಗಂಟೆ ಕಳೆದಿರಬೇಕು. ಹುಡುಗ ಅಂದ, "ಮಾವ, ಅಡಿಯಲ್ಲಿ ಏನೋ ಗುಳುಗುಳು ಅಂತಿದೆ." ಅಲೆಯ ಸದ್ದು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಭಾವನ ಚಪ್ಪಲಿ ತೇಲುತ್ತಾ ನನ್ನ ಕಾಲಿಗೆ ಬಂದು ತಾಗಿತು. ಹಿಂದಿನ ಮೂಲೆಯಲ್ಲಿ ಡೆಕ್ ಮೇಲೆಯೇ, ಅಂದರೆ ನಾವು ನಿಲ್ಲುವ ನೆಲದ ಮೇಲೆಯೇ ನೀರು ನಿಂತಿತ್ತು. ಓಡಿ ಹೋಗಿ ಡೆಕ್ಕಿನ ಮುಚ್ಚಳ ತೆಗೆದೆ. ಕೆಳಗೆ ಕತ್ತಲೆ ಇರಬೇಕಾದ ಜಾಗದಲ್ಲಿ ನೀರು ಹೊಳೆಯುತ್ತಿತ್ತು. ಮುಚ್ಚಳದಿಂದ ಒಂದು ಗೇಣು ಕೆಳಗೆ. ಬ್ಯಾಟರಿ ಅದರೊಳಗೆ ಮುಳುಗಿತ್ತು.

ಇಂಜಿನ್ ಕೀ ತಿರುಗಿಸಿದೆ. ಟಿಕ್ ಅಂತ ಒಂದು ಸದ್ದು, ಅಷ್ಟೇ. ನೀರು ಹೊರಹಾಕುವ ಬಿಲ್ಜ್ ಪಂಪಿನ ಸ್ವಿಚ್ ಒತ್ತಿದೆ. ಅದೂ ಇಲ್ಲ.

ದೋಣಿ ನಿಧಾನಕ್ಕೆ ಅಲೆ ಒಡೆಯುವ ಕಡೆಗೆ ಸರಿಯುತ್ತಿತ್ತು. ಆ ಹೊತ್ತಿಗೆ ಇಳಿತ ಜೋರಾಗಿತ್ತು. ಹೊಳೆಯ ನೀರು ಹೊರಗೆ ನುಗ್ಗುವಾಗ ಸಮುದ್ರದ ಅಲೆ ಅದಕ್ಕೆ ಎದುರಾದರೆ ಅಳಿವೆ ಬಾಯಲ್ಲಿ ಅಲೆಗಳ ನಡುವಿನ ಅಂತರ ಕಡಿಮೆ ಆಗುತ್ತದೆ, ಅಲೆ ಕಡಿದಾಗುತ್ತದೆ, ಒಡೆಯುತ್ತದೆ. ಬೆಳಿಗ್ಗೆ ದಾಟಿದ ಜಾಗ ಇದೇನಾ ಅನಿಸುವಷ್ಟು ಬದಲಾಗಿರುತ್ತದೆ. ಲಂಗರು ಹಾಕಿ ಅಂತ ಕೂಗಿದೆ. ಮುಂದಿನ ಎತ್ತರದ ಕಟ್ಟೆಯ ದೆಸೆಯಿಂದ ಮುಂಬದಿಯಲ್ಲಿ ಲಂಗರು ಕಟ್ಟುವ ಗೂಟಕ್ಕೆ ಕೈ ಹೋಗುತ್ತಿರಲಿಲ್ಲ. ಹಾಗಾಗಿ ಲಂಗರು ಹಿಂದೆಯೇ ಇಟ್ಟಿದ್ದೆವು. ಭಾವ ಅದನ್ನು ಹಿಂದಿನ ಗೂಟಕ್ಕೇ ಕಟ್ಟಿ ಎಸೆದರು.

ಹಗ್ಗ ಬಿಗಿಯಾದ ಕೂಡಲೇ ದೋಣಿಯ ಹಿಂಬದಿ ಅಲೆಗೆ ಎದುರಾಗಿ ನಿಂತಿತು. ಮೊದಲೇ ಕೂತಿದ್ದ ಹಿಂಬದಿಯನ್ನು ಹಗ್ಗ ಮತ್ತೂ ಕೆಳಗೆ ಎಳೆಯಿತು. ಮುಂದಿನ ಅಲೆ ಇಂಜಿನ್ ಮೇಲಿನಿಂದ ನೇರ ಒಳಗೆ ಬಂತು. ಸೊಂಟದವರೆಗೆ ಒದ್ದೆಯಾದೆವು. ಲೈಫ್ ಜಾಕೆಟ್ ಎಲ್ಲಿ? ಮುಂದಿನ ಕಟ್ಟೆಯ ಒಳಗೆ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕವರಿನಲ್ಲೇ. ನಾನು ಹಲ್ಲಿನಿಂದ ಕವರ್ ಕಚ್ಚಿ ಹರಿದು ಹುಡುಗನಿಗೆ ಹಾಕಿದೆ. ಆ ಪ್ಲಾಸ್ಟಿಕ್ಕಿನ ರುಚಿ ಈಗಲೂ ಬಾಯಲ್ಲಿದೆ.

ಪಾತಿ ದೋಣಿಯಲ್ಲಿ ಇಬ್ಬರಿದ್ದರು. ವಯಸ್ಸಾದ ಒಬ್ಬರು, ಅವರ ಮಗ. ದೂರದಿಂದಲೇ ಅವರು ಕೂಗುತ್ತಾ ಬಂದದ್ದು ಒಂದೇ ಮಾತು. "ಹಗ್ಗ ಕಡಿ ಮಾರಾಯಾ, ಹಗ್ಗ ಕಡಿ!" ಸಿಗಡಿ ಕತ್ತರಿಸುವ ಚೂರಿಯಿಂದ ಭಾವ ಹಗ್ಗ ಕತ್ತರಿಸಿದರು. ಹಿಂಬದಿ ಕೂಡಲೇ ಮೇಲೆ ಎದ್ದಿತು. ಅವರು ಹುಡುಗನನ್ನು ಮೊದಲು ತಮ್ಮ ದೋಣಿಗೆ ಎತ್ತಿಕೊಂಡರು, ಆಮೇಲೆ ನಮ್ಮ ದೋಣಿಯ ಮುಂಬದಿಗೆ ಹಗ್ಗ ಹಾಕಿ ಅಲೆ ಒಡೆಯದ ಕಡೆಗೆ ಎಳೆದರು. ಆ ಅಜ್ಜ ನಮ್ಮ ದೋಣಿಗೆ ಹತ್ತಿ, ಮುಚ್ಚಳದೊಳಗೆ ಭುಜದವರೆಗೆ ಕೈ ಹಾಕಿ ತಡಕಾಡಿದರು. "ಇಲ್ಲೇ ಬತ್ತಾ ಇತ್ತ್ ಕಾಣಿ" ಅಂತ ತಲೆಗೆ ಸುತ್ತಿದ್ದ ಬೈರಾಸು ತೆಗೆದು ಅಲ್ಲಿಗೆ ತುರುಕಿದರು. ನಾವಿಬ್ಬರು ಬಕೆಟ್‌ನಲ್ಲಿ, ಐಸ್ ಬಾಕ್ಸಿನ ಮುಚ್ಚಳದಲ್ಲಿ ನೀರು ಎತ್ತಿ ಎತ್ತಿ ಹಾಕಿದೆವು. ಇಳಿತ ನಿಲ್ಲುವವರೆಗೆ ಅವರು ಹೊರಗೇ ಕಾದರು. ಆಮೇಲೆ ಅಳಿವೆ ದಾಟಿಸಿದರು. ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ಮರುವಾರ ಇಲ್ಲಿನ ಒಬ್ಬ ಫೈಬರ್ ಕೆಲಸದವರನ್ನು ಕರೆಸಿ ಡೆಕ್ ಕತ್ತರಿಸಿ ತೆಗೆಸಿದೆ. ಅಲ್ಲಿ ಕಂಡದ್ದನ್ನು ನೀವು ಗಮನ ಇಟ್ಟು ಓದಬೇಕು.

ಮೀನಿನ ಟ್ಯಾಂಕಿಗೆ ನೀರು ಎಳೆಯಲು ದೋಣಿಯ ತಳದಲ್ಲಿ ಮುಕ್ಕಾಲು ಇಂಚಿನ ತೂತು ಕೊರೆದಿದ್ದರು. ನೀರಿನ ಮಟ್ಟದಿಂದ ಕೆಳಗೆ. ಅದಕ್ಕೆ ಮುಚ್ಚುವ ವಾಲ್ವ್ ಇರಲಿಲ್ಲ. ಪೈಪನ್ನು ಒಂದೇ ಒಂದು ಮಾಮೂಲಿ ಕ್ಲಿಪ್ಪಿನಿಂದ ಬಿಗಿದಿದ್ದರು. ಎರಡು ತಿಂಗಳ ಉಪ್ಪುನೀರಿಗೆ ಅದು ತುಕ್ಕು ಹಿಡಿದು ತುಂಡಾಗಿ, ಪೈಪ್ ಕಳಚಿ ಬಿದ್ದಿತ್ತು. ಅಷ್ಟೇ ಆದದ್ದು. ಮುಕ್ಕಾಲು ಇಂಚಿನ ತೂತು ಅರ್ಧ ಅಡಿ ಆಳದಲ್ಲಿದ್ದರೆ ನಿಮಿಷಕ್ಕೆ ಸುಮಾರು 15 ಲೀಟರ್ ನೀರು ಒಳಗೆ ಬರುತ್ತದೆ. ಅರ್ಧ ಗಂಟೆಗೆ 450 ಕೆಜಿ. ಆರು ಜನ ದೊಡ್ಡವರು ಸದ್ದಿಲ್ಲದೆ ಡೆಕ್ ಕೆಳಗೆ ಬಂದು ಕೂತ ಹಾಗೆ. ಅದೂ ಸುಮ್ನೆ ಕೂರುವುದಿಲ್ಲ, ದೋಣಿ ಯಾವ ಕಡೆ ವಾಲುತ್ತದೋ ಆ ಕಡೆಗೇ ಓಡುತ್ತದೆ.

ಬಿಲ್ಜ್ ಪಂಪ್ ಯಾಕೆ ಓಡಲಿಲ್ಲ? ಟ್ಯಾಂಕಿನ ಪಂಪಿಗೂ ಅದಕ್ಕೂ ಒಂದೇ ಫ್ಯೂಸ್ ಕೊಟ್ಟಿದ್ದರು. ವೈರ್‌ಗಳನ್ನು ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಒಳಗೆ ತಾಮ್ರ ಹಸಿರಾಗಿ ಪುಡಿಯಾಗುತ್ತಿತ್ತು. ನೀರು ಏರಿ ಟ್ಯಾಂಕಿನ ಪಂಪಿನ ಜೋಡಣೆಗೆ ತಾಗಿದೆ, ಶಾರ್ಟ್ ಆಗಿದೆ, ಫ್ಯೂಸ್ ಹೋಗಿದೆ. ಅದರ ಜೊತೆ ಬಿಲ್ಜ್ ಪಂಪೂ ಹೋಗಿದೆ. ಯಾವ ಹೊತ್ತಿಗೆ ಅದು ಬೇಕಿತ್ತೋ ಅದೇ ಹೊತ್ತಿಗೆ.

ಮೂರನೆಯದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಡೆಕ್ ಕೆಳಗೆ ಫೋಮ್ ತುಂಬಿಸಿದ್ದೇವೆ, ನೀರು ತುಂಬಿದರೂ ದೋಣಿ ಮುಳುಗುವುದಿಲ್ಲ ಅಂತ ಹೇಳಿ ದುಡ್ಡು ತೆಗೆದುಕೊಂಡಿದ್ದರು. ಒಳಗೆ ಇದ್ದದ್ದು ಟಿವಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ಥರ್ಮಾಕೋಲಿನ ಏಳೆಂಟು ತುಂಡು. ಕೈಯಲ್ಲಿ ಹಿಡಿದರೆ ಕಾಳುಕಾಳಾಗಿ ಸಾಬಕ್ಕಿ ಥರ ಅಂಗೈಗೆ ಅಂಟುತ್ತಿತ್ತು. ಪೆಟ್ರೋಲ್ ಟ್ಯಾಂಕಿನ ಪಕ್ಕದ ತುಂಡು ಅರ್ಧ ಕರಗಿ ಹೋಗಿತ್ತು. ಥರ್ಮಾಕೋಲಿಗೆ ಪೆಟ್ರೋಲ್ ತಾಗಿದರೆ ಕರಗುತ್ತದೆ. ದೋಣಿಗೆ ಬೇಕಾದದ್ದು ನೀರು ಕುಡಿಯದ, ಒತ್ತಾಗಿ ಸುರಿದು ಗಟ್ಟಿಯಾಗುವ ಪಾಲಿಯುರೆಥೇನ್ ಫೋಮ್. ಅದು ಒಂದು ಘನ ಅಡಿಗೆ ಸುಮಾರು 27 ಕೆಜಿ ಎತ್ತಿ ಹಿಡಿಯುತ್ತದೆ. ಮೂವರಿದ್ದ ನಮ್ಮ ದೋಣಿಯಲ್ಲಿ ಅದು ಒಂದು ಹಿಡಿಯಷ್ಟೂ ಇರಲಿಲ್ಲ.

ಯಾರ್ಡ್‌ಗೆ ಫೋಟೋ ಕಳಿಸಿದೆ. "ಮೇಂಟೆನೆನ್ಸ್ ನಿಮ್ಮ ಜವಾಬ್ದಾರಿ" ಅಂದರು. ಬಿಲ್ಲಿನಲ್ಲಿ "ಫಿಟ್ಟಿಂಗ್ಸ್, ಪೂರ್ತಿ" ಅಂತ ಒಂದೇ ಸಾಲು ಇತ್ತು. ಫೋಮ್ ಅನ್ನುವ ಪದವೇ ಇರಲಿಲ್ಲ. ಹಾಗಾಗಿ ಜಗಳ ಮಾಡಲೂ ಕೈಯಲ್ಲಿ ಏನೂ ಇರಲಿಲ್ಲ. ನೀವು ಹಾಗೆ ಮಾಡಬೇಡಿ. ಯಾವ ಫೋಮ್, ಎಷ್ಟು, ಎಲ್ಲಿ, ಯಾವ ವೈರ್, ಯಾವ ಸ್ಟೀಲ್ ಅಂತ ಒಂದೊಂದಾಗಿ ಬರೆಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ. ಡೆಕ್ ಮುಚ್ಚುವ ದಿನ ತಪ್ಪದೆ ಹೋಗಿ. ಆ ದಿನ ಬಿಟ್ಟರೆ ಒಳಗೆ ಏನಿದೆ ಅಂತ ನೋಡಲು ಮತ್ತೆ ಗರಗಸವೇ ಬೇಕು.

ಈಗ ನಾನು ಮಾಡಿಸುತ್ತಿರುವುದು ಹೀಗೆ. ಮೀನಿನ ಟ್ಯಾಂಕ್ ತೆಗೆಸಿದೆ. ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ಬ್ಯಾಟರಿಯ ಸಣ್ಣ ಗಾಳಿ ಪಂಪ್ ಹಾಕಿದರೆ ಸಿಗಡಿ ಬದುಕುತ್ತದೆ, ದೋಣಿಗೆ ತೂತು ಬೇಕಾಗುವುದಿಲ್ಲ. ನಿಮಗೆ ಟ್ಯಾಂಕ್ ಬೇಕೇಬೇಕು ಅಂದರೆ ತೂತಿಗೆ ಕೈಗೆ ಸಿಗುವ ಜಾಗದಲ್ಲಿ ವಾಲ್ವ್ ಇರಲಿ, ಪೈಪಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಕ್ಲಿಪ್ ಎರಡೆರಡು ಇರಲಿ. 304 ದರ್ಜೆಯದು ಉಪ್ಪುನೀರಿಗೆ ಸಾಲುವುದಿಲ್ಲ. ಬ್ಯಾಟರಿಗಳನ್ನು ದೋಣಿಯ ನಡುವಿಗೆ, ಡೆಕ್ಕಿಗಿಂತ ಮೇಲೆ ಪೆಟ್ಟಿಗೆಯಲ್ಲಿ ಇಡಿಸಿದೆ. ಬಿಲ್ಜ್ ಪಂಪಿಗೆ ತಾನಾಗಿ ಓಡುವ ಫ್ಲೋಟ್ ಸ್ವಿಚ್, ಅದಕ್ಕೆ ಬ್ಯಾಟರಿಯಿಂದ ನೇರ ಬೇರೆಯೇ ವೈರ್, ಬೇರೆಯೇ ಫ್ಯೂಸ್. ವೈರ್ ತವರ ಲೇಪಿಸಿದ ತಾಮ್ರದ್ದು, ಜೋಡಣೆಗೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ. ನೀರು ಏರಿದರೆ ಕೂಗುವ ಅಲಾರಾಂ ಕೂಡ ಹಾಕಿಸಿದೆ. ಫಿಶ್ ಫೈಂಡರಿಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ.

ಮುಂದಿನ ಕಟ್ಟೆ ಅರ್ಧಕ್ಕೆ ಇಳಿಸಿ, ಲಂಗರಿನ ಗೂಟ ಮುಂಬದಿಯಲ್ಲೇ ಕೈಗೆ ಸಿಗುವ ಹಾಗೆ ಕೂರಿಸಿದೆ. ಲಂಗರು ಯಾವತ್ತೂ ಮುಂದಿನಿಂದಲೇ ಬಿಡಬೇಕು. ಹಗ್ಗ ನೀರಿನ ಆಳದ ಐದರಿಂದ ಏಳು ಪಟ್ಟು ಇರಬೇಕು, ಲಂಗರಿನ ಹತ್ತಿರ ಸ್ವಲ್ಪ ಸರಪಳಿ. ನಮ್ಮದು ಹದಿನೈದು ಮೀಟರ್ ಇತ್ತು, ಅಷ್ಟೇ.

ರಾಡ್ ಹೋಲ್ಡರ್, ಟ್ರಾನ್ಸ್‌ಡ್ಯೂಸರ್ (ಫಿಶ್ ಫೈಂಡರಿನ ಸೆನ್ಸರ್) ಕೂರಿಸುವವರೂ ಒಂದು ನೋಡಿಕೊಳ್ಳಿ. ಇಂಜಿನ್ ಕೂರುವ ಹಿಂದಿನ ಹಲಗೆಯ ಒಳಗೆ ಪ್ಲೈವುಡ್ ಇರುವ ದೋಣಿಗಳು ಬಹಳ. ಅದಕ್ಕೆ ಸೀಲಂಟ್ ಹಾಕದೆ ಸ್ಕ್ರೂ ಬಿಗಿದರೆ ನೀರು ಒಳಗೆ ಇಳಿದು ಪ್ಲೈವುಡ್ ಕೊಳೆಯುತ್ತದೆ. ಹೊರಗೆ ಹೊಳಪು ಹಾಗೇ ಇರುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬರಬೇಕು, ಮಂಕು ಸದ್ದು ಬಂದರೆ ಒಳಗೆ ಒದ್ದೆ.

ಇಂಜಿನ್ 10 ಎಚ್‌ಪಿಗಿಂತ ದೊಡ್ಡದಾದರೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಬಗ್ಗೆ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಸಮುದ್ರದ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನವರ (INCOIS) ಅಲೆಯ ಮುನ್ಸೂಚನೆ ನೋಡಿ, ಉಬ್ಬರ ಇಳಿತದ ಹೊತ್ತು ಬರೆದಿಟ್ಟುಕೊಳ್ಳಿ. ಮೊಬೈಲ್ ನೀರು ಹೋಗದ ಕವರಿನಲ್ಲಿ ಕುತ್ತಿಗೆಗೆ ಇರಲಿ. ಕರಾವಳಿ ಕಾವಲು ಪೊಲೀಸರ ನಂಬರ್ 1093, ಕೋಸ್ಟ್ ಗಾರ್ಡ್‌ನದು 1554. ಆ ದಿನ ನನ್ನ ಮೊಬೈಲ್ ಬ್ಯಾಗಿನಲ್ಲಿತ್ತು, ಬ್ಯಾಗ್ ನೀರಿನಲ್ಲಿತ್ತು. ಲೈಫ್ ಜಾಕೆಟ್ ಮಾತ್ರ ಈಗ ಜೆಟ್ಟಿಯಲ್ಲೇ ಹಾಕಿಕೊಳ್ಳುತ್ತೇವೆ, ಸೆಕೆ ಆದರೂ ಸರಿ. ಹುಡುಗನೇ ಮೊದಲು ಹಾಕುತ್ತಾನೆ.

ದೋಣಿ ಸದ್ಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿದೆ. ಹೊಸ ಫೋಮ್ ಇನ್ನೂ ಸುರಿದಿಲ್ಲ, ಡೆಕ್ ಬಿಚ್ಚಿಯೇ ಇದೆ. ಕುಂದಾಪುರ ಸುತ್ತಮುತ್ತ ಯಾರಾದರೂ ದೋಣಿ ಮಾಡಿಸುವವರಿದ್ದರೆ ಒಮ್ಮೆ ಬಂದು ಒಳಗೆ ಕೈ ಹಾಕಿ ನೋಡಿ. ಆ ತುಕ್ಕು ಹಿಡಿದ ಕ್ಲಿಪ್ಪನ್ನೂ ಎತ್ತಿಟ್ಟಿದ್ದೇನೆ, ತೋರಿಸುತ್ತೇನೆ.