ವಿಥಾಫ್ ಕೋಷ್ಟಕವೋ, ಸ್ಟೊಲಾರ್ಸ್ಕಿ ಕೋಷ್ಟಕವೋ?

ಎರಡೂ ಸಂಖ್ಯೆಗಳನ್ನು ಸಾಲುಸಾಲಾಗಿ ಜೋಡಿಸಿದ, ಕೊನೆಯಿಲ್ಲದ ಕೋಷ್ಟಕಗಳು. ಎರಡರಲ್ಲೂ ಪ್ರತಿಯೊಂದು ಧನ ಪೂರ್ಣಾಂಕ ಒಮ್ಮೆ, ಒಮ್ಮೆ ಮಾತ್ರ ಬರುತ್ತದೆ. ಎರಡರ ಮೊದಲ ಸಾಲೂ 1, 2, 3, 5, 8, 13. ಯಾವ ಸಾಲಿನಲ್ಲಾದರೂ ಹಿಂದಿನ ಎರಡು ಕೂಡಿದರೆ ಮುಂದಿನದು. ಒಂದು ಸಾಲು ಇನ್ನೊಂದರ ನಡುವೆ ಹೊಕ್ಕರೆ ಕೊನೆಯವರೆಗೂ ಸರದಿ ತಪ್ಪುವುದಿಲ್ಲ. ವಿಥಾಫ್‌ನ ಮೊದಲೆರಡು ಸಾಲು ಬೆರೆಸಿ ನೋಡಿ: 3, 4, 5, 7, 8, 11, 13.

ವ್ಯತ್ಯಾಸ ಶುರುವಾಗುವುದು ಎರಡನೇ ಸಾಲಿನಲ್ಲಿ. ವಿಥಾಫ್‌ನಲ್ಲಿ 4, 7, 11, 18. ಸ್ಟೊಲಾರ್ಸ್ಕಿಯಲ್ಲಿ 4, 6, 10, 16.

ಸಾಲು ಬೆಳೆಸುವುದಷ್ಟೇ ಕೆಲಸವಾದರೆ ಸ್ಟೊಲಾರ್ಸ್ಕಿ ಸಲೀಸು. ಸಂಖ್ಯೆಯನ್ನು 1.618...ರಿಂದ ಗುಣಿಸಿ ಹತ್ತಿರದ ಪೂರ್ಣಾಂಕ ಹಿಡಿಯಿರಿ: 4 ಕೊಡುವುದು 6.47, ಅಂದರೆ 6. ಬಿಟ್ಟುಹೋದ ಅತಿ ಚಿಕ್ಕ ಸಂಖ್ಯೆಯಿಂದ ಹೊಸ ಸಾಲು. ಇಲ್ಲಿ ಹೆಚ್ಚಿನವರು ಎಡವುವುದು ದಶಮಾಂಶವನ್ನು ಸುಮ್ಮನೆ ಕತ್ತರಿಸಿ. ಆಗ 3ರ ನಂತರ 5ರ ಬದಲು 4 ಬಂದು ಸಾಲೇ ಕೆಡುತ್ತದೆ.

ಕೊಟ್ಟ ಸಂಖ್ಯೆಯ ಜಾಗ ಹುಡುಕಬೇಕಿದ್ದರೆ ಮಾತ್ರ ನಾವು ಹಿಂದುಮುಂದು ನೋಡದೆ ವಿಥಾಫ್ ಎನ್ನುತ್ತೇವೆ. 16ನ್ನು ಅಕ್ಕಪಕ್ಕದವಲ್ಲದ ಫಿಬೊನಾಚಿ ಸಂಖ್ಯೆಗಳಾಗಿ (ಅಂದರೆ ಮೊದಲ ಸಾಲಿನವು) ಒಡೆಯಿರಿ: 13 + 3. ಚಿಕ್ಕದಾದ 3 ಮೊದಲ ಸಾಲಿನಲ್ಲಿ ಮೂರನೆಯದು, ಹಾಗಾಗಿ 16 ಮೂರನೇ ಕಂಬಸಾಲಿನಲ್ಲಿದೆ. ಮೊದಲ ಕಂಬಸಾಲಿಗೆ ಬರಲು ಎರಡನ್ನೂ ಮೊದಲ ಸಾಲಿನಲ್ಲಿ ಎರಡೆರಡು ಹೆಜ್ಜೆ ಹಿಂದಕ್ಕೆ ಇಳಿಸಿದರೆ 5 + 1. ಸಾಲು 6ರಿಂದ ಶುರು: 6, 10, 16. ಎಷ್ಟು ಚೆಂದದ ಲೆಕ್ಕ! ಸ್ಟೊಲಾರ್ಸ್ಕಿಯಲ್ಲಾದರೆ ಭಾಗಿಸುತ್ತ, ಪ್ರತಿ ಸಲ ಮತ್ತೆ ಗುಣಿಸಿ ತಾಳೆ ನೋಡುತ್ತ ಹಿಂದಕ್ಕೆ ನಡೆಯಬೇಕು: 16, 10, 6, 4.

ಪ್ರೋಗ್ರಾಂ ಬರೆಯುವವರು ದೊಡ್ಡ ಸಂಖ್ಯೆಗಳಿಗೆ ದಶಮಾಂಶದ 1.618 ನಂಬಬೇಡಿ. ಈಗಿನ ಸಂಖ್ಯೆ x ಆದರೆ, 5x²ರ ವರ್ಗಮೂಲದ ಪೂರ್ಣಾಂಕ ಭಾಗಕ್ಕೆ x + 1 ಕೂಡಿಸಿ, ಎರಡರಿಂದ ಭಾಗಿಸಿ, ಶೇಷ ಬಿಡಿ. ಸ್ಟೊಲಾರ್ಸ್ಕಿಯ ಮುಂದಿನ ಸಂಖ್ಯೆ ಕರಾರುವಾಕ್ಕಾಗಿ ಸಿಗುತ್ತದೆ.