ಆಕ್ಚುವರಿ ಪರೀಕ್ಷೆ: ಭಾರತದ ಸಂಸ್ಥೆಯೋ, ಬ್ರಿಟನ್ನಿನದೋ?

ಮಂಗಳೂರು, ಉಡುಪಿಯಲ್ಲಿ ಸಂಖ್ಯಾಶಾಸ್ತ್ರ ಓದಿ ಆಕ್ಚುವರಿ (ವಿಮೆ, ಪಿಂಚಣಿಗಳ ಅಪಾಯವನ್ನು ಲೆಕ್ಕ ಹಾಕುವ ತಜ್ಞ) ಆಗಹೊರಟವರು ಮೊದಲು ನೋಡಬೇಕಾದದ್ದು ಶುಲ್ಕವನ್ನಲ್ಲ, ಮುಂದೆ ಯಾವ ದೇಶದಲ್ಲಿ ಆಕ್ಚುವರಿಯಾಗಿ ವರದಿಗಳಿಗೆ ಸಹಿ ಹಾಕುತ್ತೀರಿ ಎಂಬುದನ್ನು. ಇಲ್ಲಿನ ವಿಮಾ ಕಂಪನಿಯ ನೇಮಿತ ಆಕ್ಚುವರಿ (ಕಂಪನಿಯ ಅಪಾಯದ ಲೆಕ್ಕಗಳಿಗೆ ಹೊಣೆಗಾರ) ಆಗಲು 2006ರ ಆಕ್ಚುವರಿಗಳ ಕಾಯ್ದೆಯಡಿಯ ಭಾರತೀಯ ಆಕ್ಚುವರಿಗಳ ಸಂಸ್ಥೆಯ ಫೆಲೋ (ಪೂರ್ಣ ಅರ್ಹತೆಯ ಸದಸ್ಯ) ಆಗಿರಲೇಬೇಕು. ಅದಕ್ಕೆ ಸಾಮಾನ್ಯ ಬಾಗಿಲು ಎಸಿಇಟಿ ಪ್ರವೇಶ ಪರೀಕ್ಷೆ. ಬ್ರಿಟನ್ನಿನ ಆಕ್ಚುವರಿಗಳ ಸಂಸ್ಥೆಯಾದ ಐಎಫ್‌ಒಎಗೆ ಎಸಿಇಟಿ ಬೇಡ, ಆದರೆ ಶುಲ್ಕ ಪೌಂಡಿನ ಲೆಕ್ಕ; ರೂಪಾಯಿ ಇಳಿದಷ್ಟೂ ಹೊರೆ.

ಎರಡೂ ಅಂತರರಾಷ್ಟ್ರೀಯ ಆಕ್ಚುವರಿ ಸಂಘದ ಪೂರ್ಣ ಸದಸ್ಯರು. ಹಲವರು ಎಡವುವುದು ಇಲ್ಲೇ. ಆ ಸಂಘ ಕನಿಷ್ಠ ಪಠ್ಯಕ್ರಮ, ನೀತಿಸಂಹಿತೆ, ಶಿಸ್ತುಕ್ರಮ ಇವೆಯೇ ಎಂದು ನೋಡುತ್ತದೆಯೇ ಹೊರತು ನಿಮ್ಮ ಫೆಲೋಶಿಪ್ಪನ್ನು ಗಡಿ ದಾಟಿಸುವುದಿಲ್ಲ. ಸಿಎಸ್1 (ಸಂಖ್ಯಾಶಾಸ್ತ್ರ), ಸಿಎಂ1 (ಆಕ್ಚುವರಿ ಗಣಿತ) ಎಂಬ ಪತ್ರಿಕೆಗಳ ಹೆಸರು ಎರಡೂ ಕಡೆ ಇದೆಯೆಂದು ಪಾಸಾದ ಪತ್ರಿಕೆ ತಾನಾಗಿ ವರ್ಗವಾಗದು. ಸಂಸ್ಥೆ ಬದಲಿಸುವುದಾದರೆ ಆ ಪತ್ರಿಕೆಯ ವಿನಾಯಿತಿಗೆ ಅರ್ಜಿ ಹಾಕಿ, ಲಿಖಿತ ಉತ್ತರ ಬಂದ ಮೇಲಷ್ಟೇ ಮುಂದಿನ ಪತ್ರಿಕೆಗೆ ಹಣ ಕಟ್ಟಿ. ಕೆಲಸ ಮುಂಬೈಯಲ್ಲೇ ಎಂದಿದ್ದರೆ ಭಾರತೀಯ ಸಂಸ್ಥೆಯೇ ಸರಿ.